ಮಾತು ಬಲ್ಲವನಿಗೆ ಜಗಳವಿಲ್ಲ, ದಾಳ ಸರಿಯಾಗಿ ಬಿದ್ದರೆ

ಗೇಮಿನಲ್ಲಿ ಹೊಡೆದಾಟ ಬಂದರೆ ನನಗೆ ಕೈಕಾಲು ಆಡುವುದಿಲ್ಲ. ಕತೆ ಇಷ್ಟ, ಊರೂರು ಸುತ್ತುವುದು ಇಷ್ಟ, ಕಂಡವರನ್ನೆಲ್ಲ ಮಾತಾಡಿಸುವುದು ಇನ್ನೂ ಇಷ್ಟ. ಕತ್ತಿ ಹಿಡಿ ಅಂದರೆ ಮಾತ್ರ ಬೇಜಾರು. ಹೀಗಿರುವಾಗ ಒಮ್ಮೆ ಸೇಲ್‌ನಲ್ಲಿ ಒಂದು ಫ್ಯಾಂಟಸಿ ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕತೆಯೊಳಗೆ ಆಡುವ ಗೇಮ್, ಕೊಂಡೆ. ಹೇಗೆ ಬೇಕಾದರೂ ಆಡಬಹುದು ಅಂತ ಅದರ ವಿವರಣೆಯಲ್ಲಿ ಇತ್ತು. ನನ್ನ ಪಾತ್ರಕ್ಕೆ ಮೂಗು, ಗಡ್ಡ ಆರಿಸುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಮೂರನೇ ಗಂಟೆಯಲ್ಲಿ ಒಬ್ಬ ದೈತ್ಯ ಬಾಗಿಲಿಗೆ ಅಡ್ಡ ನಿಂತ. ಅವನಿಗೆ ಮಾತು ಬರುವುದಿಲ್ಲ, ಪಕ್ಕದಲ್ಲಿ ನುಸುಳಲು ಜಾಗವೂ ಇಲ್ಲ. ಗೇಮ್ ಮಾರುವ ಸ್ಟೀಮ್ ಅಂಗಡಿಯಲ್ಲಿ ದುಡ್ಡು ವಾಪಸ್ ಬೇಕಾದರೆ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆ ದಾಟಿರಬಾರದು. ನಾನು ಗಡ್ಡದಲ್ಲೇ ಅದರಲ್ಲಿ ಮುಕ್ಕಾಲು ಗಂಟೆ ಕಳೆದಿದ್ದೆ. ತಪ್ಪು ನನ್ನದೇ.

ಆಮೇಲೆ ಹಟಕ್ಕೆ ಬಿದ್ದು ಮೂರು ಗೇಮ್ ಆಡಿದೆ. ಕೈ ಎತ್ತದೆ ಎಷ್ಟು ದೂರ ಹೋಗಬಹುದು, ಅದಷ್ಟೇ ಲೆಕ್ಕ. ಬಾಲ್ಡರ್ಸ್ ಗೇಟ್ 3, ಸ್ಕೈರಿಮ್, ಪ್ಲೇನ್‌ಸ್ಕೇಪ್: ಟಾರ್ಮೆಂಟ್. ನನ್ನ ಓಟು ಬಾಲ್ಡರ್ಸ್ ಗೇಟ್ 3ಕ್ಕೆ. ಜಾಸ್ತಿ ಬೈದಿರುವುದೂ ಅದನ್ನೇ.

ಮೊದಲು ಹೊಗಳಿಕೆ. 2023ರ ಈ ಗೇಮಿನಲ್ಲಿ ಮಾತು ಸುಮ್ನೆ ಅಲಂಕಾರಕ್ಕಿಲ್ಲ. ಮಾತು ಫಲಿಸಿತೋ ಇಲ್ಲವೋ ಅನ್ನುವುದನ್ನು ದಾಳ ಹಾಕಿ ತೀರ್ಮಾನಿಸುತ್ತದೆ. ಕತೆಯ ಎರಡನೇ ಅಂಕದಲ್ಲಿ ಮ್ಯಾಲಸ್ ಥಾರ್ಮ್ ಅನ್ನುವ ವೈದ್ಯ ಸಿಗುತ್ತಾನೆ. ಸುತ್ತ ಅವನ ನರ್ಸ್‌ಗಳು, ಕೈಯಲ್ಲಿ ಹರಿತವಾದ ಸಾಮಾನು. ನೋಡಿದರೆ ಎದೆ ಝಲ್ ಅನ್ನುತ್ತದೆ. ನಾನು ಅವನ ಪಾಠವನ್ನು ಮೆಚ್ಚಿದ ಹಾಗೆ ಮಾಡಿ, ನಿಮ್ಮ ಶಿಷ್ಯೆಯರು ನಿಮ್ಮ ಮೇಲೆಯೇ ಅಭ್ಯಾಸ ಮಾಡಲಿ ಅಂತ ಒಪ್ಪಿಸಿದೆ. ಮಲಗಿದ. ಅವರು ಮುಗಿಸಿದರು. ನನ್ನ ಕತ್ತಿ ಒರೆಯಲ್ಲೇ ಇತ್ತು. ಅದೇ ಮನೆತನದ ಹೆಂಡದಂಗಡಿಯವನಿಗೆ ಕತೆ ಹೇಳುತ್ತಾ ಕುಡಿಸುತ್ತಾ ಹೋದರೆ ಅವನೂ ಹೊಟ್ಟೆ ಒಡೆದು ಸಾಯುತ್ತಾನೆ. ಸುಂಕದ ಕಟ್ಟೆಯಲ್ಲಿ ಚಿನ್ನ ಮೈಗಂಟಿಸಿಕೊಂಡು ಕೂತಿರುವವಳನ್ನೂ ಬಾಯಲ್ಲೇ ಸೋಲಿಸಬಹುದು. ಹೀಗೆ ಮಾತಲ್ಲಿ ಗೆದ್ದದ್ದಕ್ಕೂ ಪಾತ್ರವನ್ನು ಬೆಳೆಸುವ ಅನುಭವದ ಅಂಕ ಸಿಗುತ್ತದೆ. ಸದ್ದಿಲ್ಲದೆ ನುಸುಳಿ ಹೋದರೆ ಅಷ್ಟು ಸಿಗುವುದಿಲ್ಲ, ಅದು ಸ್ವಲ್ಪ ಅನ್ಯಾಯ.

ನುಸುಳುವುದು ಮಾತ್ರ ಸುಲಭ. ಬಗ್ಗಿ ನಡೆದರೆ ಕಾವಲಿನವನ ಕಣ್ಣು ಎಲ್ಲಿಯವರೆಗೆ ಹೋಗುತ್ತದೆ ಅಂತ ನೆಲದ ಮೇಲೆ ಕೆಂಪಗೆ ತೋರಿಸುತ್ತದೆ. ದೀಪ ಆರಿಸಿದರೆ ಕತ್ತಲೆ ನಮ್ಮದು. ಇನ್ನೊಂದು ಮಜಾ ಇದೆ: ನನ್ನ ಪಾತ್ರವಾದ ಹಾಡುಗಾರ ಕಾವಲಿನವನೊಬ್ಬನನ್ನು ಮಾತಿಗೆ ಎಳೆದು ನಿಲ್ಲಿಸಿರುವಾಗಲೇ ಜೊತೆಗಾರನನ್ನು ಹಿಂದಿನಿಂದ ನಡೆಸಿ ಬೀಗ ತೆಗೆಸಬಹುದು. ಸಂತೆಯಲ್ಲಿ ಜೇಬುಗಳ್ಳರು ಮಾಡುವುದೂ ಇದನ್ನೇ ಅಲ್ವಾ.

ಈಗ ಬೈಗುಳ. ನಾನು ಆರಿಸಿಕೊಂಡಿದ್ದು ಬಾರ್ಡ್, ಅಂದರೆ ಹಾಡು ಹೇಳಿ ಹೊಟ್ಟೆ ಹೊರೆಯುವವನು. ಕರಿಷ್ಮಾ, ಅಂದರೆ ಮಾತಿನ ಮೋಡಿ, ಅನ್ನುವ ಗುಣಕ್ಕೆ 17 ಅಂಕ ಸುರಿದಿದ್ದೆ. ನಾಲ್ಕು ಜನರ ತಂಡದಲ್ಲಿ ಬಾಯಿ ಇರುವುದು ಇವನೊಬ್ಬನಿಗೇ. ಆದರೆ ದಾರಿಯಲ್ಲಿ ಯಾರಾದರೂ ತಾವಾಗಿ ಅಡ್ಡಗಟ್ಟಿದರೆ ಗೇಮ್ ಮಾತಿಗೆ ಎಳೆಯುವುದು ಅವರ ಕೈಗೆ ಮೊದಲು ಸಿಕ್ಕವನನ್ನು. ಒಮ್ಮೆ ಮಾತು ಶುರುವಾದರೆ ಮುಗಿಯಿತು. ಉತ್ತರ ಕೊಡಬೇಕಾದವನು ಅವನೇ, ದಾಳ ಉರುಳುವುದೂ ಅವನ ಹೆಸರಲ್ಲೇ. ನಡುವೆ "ತಡಿ, ನಾನು ಮಾತಾಡ್ತೀನಿ" ಅನ್ನುವ ದಾರಿ ಇಲ್ಲ.

ನನ್ನ ತಂಡದಲ್ಲಿ ಮುಂದೆ ಓಡುವುದು ಲೇಜೆಲ್. ಗಿತ್‌ಯಾಂಕಿ ಜನಾಂಗದ ಯೋಧೆ, ಮಾತೆಂದರೆ ಕೊರಳಿಗೆ ಕತ್ತಿ ಇಟ್ಟ ಹಾಗೆ. ಅವಳ ಕರಿಷ್ಮಾ 8. ಪಾಳುಬಿದ್ದ ಹಳ್ಳಿಯ ಬಾಗಿಲಲ್ಲಿ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು ಅಡ್ಡಗಟ್ಟಿದಾಗ ಸಿಕ್ಕಿಬಿದ್ದವಳು ಇವಳೇ. ಎರಡು ಹೆಜ್ಜೆ ಹಿಂದೆ ನನ್ನ ಹಾಡುಗಾರ ಮರದ ಗೊಂಬೆ ಹಾಗೆ ನಿಂತಿದ್ದಾನೆ. ಮದುವೆ ಮಾತುಕತೆಗೆ ಹೋದಾಗ ಬಾಯಿ ಬಲ್ಲ ಸೋದರಮಾವ ಚಪ್ಪಲಿ ಬಿಡುವಷ್ಟರಲ್ಲಿ ಸಿಡುಕಿನ ದೊಡ್ಡಪ್ಪ ಶುರುಮಾಡಿಬಿಟ್ಟ ಹಾಗೆ. ಇಪ್ಪತ್ತು ಮುಖದ ದಾಳ ಹಾಕಿದೆ, ಬಿದ್ದದ್ದು 4. ಸೂರಿನ ಮೇಲಿದ್ದ ಗಾಬ್ಲಿನ್‌ಗಳು ಬಾಣ ಬಿಟ್ಟರು. ಎಫ್8 ಒತ್ತಿ ಹಳೆಯ ಸೇವ್‌ಗೆ ಓಡಿದೆ. ಎರಡನೇ ಸಲವೂ ಅವಳೇ ಮುಂದೆ.

ಕೊನೆಗೆ ಕಂಡುಕೊಂಡದ್ದು ಇಷ್ಟು. ಹೊಸ ಜಾಗ ಕಂಡ ಕೂಡಲೇ ಜಿ ಒತ್ತಿ ಗುಂಪು ಬಿಡಿಸುತ್ತೇನೆ. ಮೂವರನ್ನು ಹಿಂದೆ ನಿಲ್ಲಿಸುತ್ತೇನೆ. ಎಫ್5 ಒತ್ತಿ ಸೇವ್ ಮಾಡಿ ಹಾಡುಗಾರನನ್ನು ಒಬ್ಬನೇ ಕಳಿಸುತ್ತೇನೆ. ಆದರೆ ಇದರಲ್ಲೂ ಒಂದು ಕಿರಿಕಿರಿ. ಗೈಡೆನ್ಸ್ ಅನ್ನುವ ಮಂತ್ರ ದಾಳಕ್ಕೆ 1ರಿಂದ 4 ಅಂಕ ಕೂಡಿಸುತ್ತದೆ. ಅದನ್ನು ಹಾಕಲು ಜೊತೆಗಾರ ಹತ್ತಿರ ಇರಬೇಕು. ತೀರಾ ಹತ್ತಿರ ಬಂದರೆ ಮಾತಿಗೆ ಅವನೇ ಸಿಕ್ಕಿಬೀಳುತ್ತಾನೆ. ಪ್ರತಿ ತಿರುವಿನಲ್ಲೂ ಇದೇ ಕವಾಯತು. ಇಷ್ಟೆಲ್ಲ ಮಾಡಿದ ಮೇಲೂ ದಾಳದಲ್ಲಿ 1 ಬಿದ್ದರೆ ಸೋಲೇ, ಎಷ್ಟು ಅಂಕ ಕೂಡಿಸಿದ್ದರೂ ಲೆಕ್ಕಕ್ಕಿಲ್ಲ. ನನ್ನ ಅಣ್ಣನ ಮಗ ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿ, "ಚಿಕ್ಕಪ್ಪ, ನೀನು ಗೇಮ್ ಆಡ್ತಿಲ್ಲ, ಪಂಚಾಯ್ತಿ ಮಾಡ್ತಿದೀಯ" ಅಂದ.

ಸ್ಕೈರಿಮ್‌ಗೆ ಬರೋಣ. 2011ರ ಗೇಮ್, ಹಳೇ ಕಂಪ್ಯೂಟರಲ್ಲೂ ಓಡುತ್ತದೆ, ಸೇಲ್‌ನಲ್ಲಿ ಅಗ್ಗ. ಇಲ್ಲಿ ಬಗ್ಗಿ ನಡೆಯುವುದೇ ಒಂದು ಬದುಕು. ಪರದೆಯ ನಡುವೆ ಒಂದು ಕಣ್ಣು ಇರುತ್ತದೆ, ಅದು ಮುಚ್ಚಿದ್ದರೆ ನಾವು ಸೇಫ್. ನುಸುಳಿದಷ್ಟೂ ನುಸುಳುವ ಕೌಶಲ್ಯ ಬೆಳೆಯುತ್ತದೆ, ಈ ಲೆಕ್ಕ ನನಗೆ ಬಹಳ ಹಿಡಿಸಿತು. ಕಾಮ್ ಮಂತ್ರ ಹಾಕಿದರೆ ಸಿಟ್ಟಾದವನು ಸ್ವಲ್ಪ ಹೊತ್ತು ತಣ್ಣಗಾಗುತ್ತಾನೆ, ಅಷ್ಟರಲ್ಲಿ ಜಾಗ ಖಾಲಿ ಮಾಡಬಹುದು. ಮೊದಲ ಡ್ರ್ಯಾಗನ್ ಬಂದಾಗ ನಾನು ಕಲ್ಲಿನ ಹಿಂದೆ ಕೂತಿದ್ದೆ. ವೈಟ್‌ರನ್‌ನ ಕಾವಲಿನವರೇ ಬಾಣ ಬಿಟ್ಟು ಕೊಂದರು. ಆಮೇಲೆ ಅದರ ಆತ್ಮ ನನ್ನೊಳಗೆ ಬಂತು, ಎಲ್ಲರೂ ನನ್ನನ್ನೇ ಹೊಗಳಿದರು. ನಾಚಿಕೆ ಆಯಿತು, ಖುಷಿಯೂ ಆಯಿತು.

ಆದರೆ ಮಾತು? ರಿಫ್ಟನ್ ಊರಿನ ಬಾಗಿಲಲ್ಲಿ ಕಾವಲಿನವನು ಸುಂಕ ಕೇಳುತ್ತಾನೆ, ಇದು ಸುಲಿಗೆ ಅಂತ ದಬಾಯಿಸಿದರೆ ಬಿಡುತ್ತಾನೆ. ಚೆನ್ನಾಗಿದೆ. ಅಂಥದ್ದು ಅಲ್ಲೊಂದು ಇಲ್ಲೊಂದು. ಗುಹೆಯೊಳಗಿನ ಡಕಾಯಿತರಿಗೆ ನಮಸ್ಕಾರ ಹೇಳುವ ಅವಕಾಶವೇ ಇಲ್ಲ. ಕೊನೆಗೆ ಬರುವ ಡ್ರ್ಯಾಗನ್ ಆಲ್ಡುಯಿನ್ ಜೊತೆ ಕಾದಲೇಬೇಕು.

ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಹಳಬರ ಪ್ರೀತಿ. 1999ರದ್ದು, 2017ರಲ್ಲಿ ಹೊಸ ಆವೃತ್ತಿ ಬಂತು, ಮೊಬೈಲಿಗೂ ಇದೆ. ನಾಯಕ ಶವಾಗಾರದಲ್ಲಿ ಕಣ್ಣು ಬಿಡುತ್ತಾನೆ, ಹೆಸರು ನೆನಪಿಲ್ಲ, ಸತ್ತರೂ ಮತ್ತೆ ಏಳುತ್ತಾನೆ. ಎಲ್ಲ ಗುಣಕ್ಕೂ ಮೊದಲೇ 9 ಅಂಕ ಇರುತ್ತದೆ, ಹಂಚಲು ಇನ್ನೂ 21 ಕೊಡುತ್ತಾರೆ. ಅದನ್ನು ಬುದ್ಧಿ, ವಿವೇಕ, ಕರಿಷ್ಮಾಗಳಿಗೆ ಹಾಕಿ, ತೋಳಿನ ಬಲ ಮರೆತುಬಿಡಿ. ಮಾತಿಗೆ ಇಲ್ಲಿ ದಾಳವೇ ಇಲ್ಲ. ಅಷ್ಟು ವಿವೇಕ ಇದ್ದರೆ ಆ ಉತ್ತರ ಪಟ್ಟಿಯಲ್ಲಿ ಕಾಣುತ್ತದೆ, ಇಲ್ಲದಿದ್ದರೆ ಅಂಥದ್ದೊಂದು ಇತ್ತು ಅಂತಲೂ ಗೊತ್ತಾಗುವುದಿಲ್ಲ. ಕೆಲವು ಕಡೆ ಒಂದೇ ವಾಕ್ಯ ಎರಡು ಸಲ ಇರುತ್ತದೆ, ಒಂದರ ಮುಂದೆ "ನಿಜ", ಇನ್ನೊಂದರ ಮುಂದೆ "ಸುಳ್ಳು" ಅಂತ ಗುರುತು. ಆಡುವ ಮಾತು ಅದೇ, ಮನಸ್ಸಿನಲ್ಲಿ ಏನಿದೆ ಅನ್ನುವುದರ ಮೇಲೆ ನಮ್ಮ ಗುಣ ಬದಲಾಗುತ್ತದೆ. ಇದನ್ನು ಮೊದಲು ನೋಡಿದಾಗ ಐದು ನಿಮಿಷ ಸುಮ್ಮನೆ ಕೂತಿದ್ದೆ. ಕೊನೆಯ ಎದುರಾಳಿಯನ್ನೂ ಮಾತಲ್ಲೇ ಮುಗಿಸಬಹುದು.

ಬರೀ ಮಾತಿನ ಲೆಕ್ಕದಲ್ಲಿ ಮೂರರಲ್ಲಿ ಇದೇ ಮೇಲು. ಆದರೆ ರಾತ್ರಿ ಹತ್ತಕ್ಕೆ, ದಿನವಿಡೀ ಇಮೇಲ್ ಓದಿ ಬಂದ ಮೇಲೆ, ಪುಟಗಟ್ಟಲೆ ಇಂಗ್ಲಿಷು, ಅದರಲ್ಲೂ ಸಿಜಿಲ್ ಊರಿನ ಗಲ್ಲಿ ಭಾಷೆ ಓದಲು ನನ್ನಿಂದ ಆಗುವುದಿಲ್ಲ. ಕರ್ಸ್ಟ್ ಅನ್ನುವ ಊರು ದಾಟಿದ ಮೇಲೆ ಹೊಡೆದಾಟವೂ ಜಾಸ್ತಿ. ಮಳೆಗಾಲದ ಭಾನುವಾರಗಳಿಗೆ ಇಟ್ಟುಕೊಂಡಿದ್ದೇನೆ.

2015ರ ಅಂಡರ್‌ಟೇಲ್ ಯಾಕೆ ಸೇರಿಸಿಲ್ಲ ಅಂತ ಕೇಳಬಹುದು. ಅದರಲ್ಲಿ ಯಾರನ್ನೂ ಕೊಲ್ಲದೆ ಮುಗಿಸಬಹುದು, ನಿಜ. ಆದರೆ ಕರುಣೆ ತೋರಿಸುತ್ತಲೇ ಗುಂಡುಗಳಿಂದ ತಪ್ಪಿಸಿಕೊಳ್ಳುತ್ತಿರಬೇಕು. ನನ್ನ ಬೆರಳಿಗೆ ಅಷ್ಟು ಚುರುಕಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ ಬಾಲ್ಡರ್ಸ್ ಗೇಟ್ 3 ನನಗೆ ದುಬಾರಿಯೇ ಆಯಿತು. ಅದಕ್ಕೆ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕಿನಲ್ಲಿ. ಗೇಮಿನ ಜೊತೆ ಡಿಸ್ಕನ್ನೂ ಕೊಂಡೆ. ಬಜೆಟ್ ಬಿಗಿ ಇದ್ದರೆ, ಓದುವ ತಾಳ್ಮೆ ಇದ್ದರೆ, ಟಾರ್ಮೆಂಟ್ ಕೊಳ್ಳಿ. ನನ್ನ ಹಾಗೆ ರಾತ್ರಿ ಒಂದೂವರೆ ಗಂಟೆ ಮಾತ್ರ ಸಿಗುವವರಿಗೆ, ಸೋತರೆ ಎಫ್8 ಒತ್ತಲು ನಾಚದವರಿಗೆ ಬಾಲ್ಡರ್ಸ್ ಗೇಟ್.

ಅದರಲ್ಲೂ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅನ್ನುವುದನ್ನು ಮುಚ್ಚಿಡುವುದಿಲ್ಲ. ಎರಡನೇ ಅಂಕದ ಕೊನೆಯಲ್ಲಿ ಕೆಥೆರಿಕ್ ಥಾರ್ಮ್ ಅನ್ನುವ ಖಳನಾಯಕನನ್ನು ಮಾತಲ್ಲಿ ಕರಗಿಸಿದೆ. ದಾಳ 18 ಬಿತ್ತು, ಎದ್ದು ನಿಂತು ಚಪ್ಪಾಳೆ ಹೊಡೆದುಕೊಂಡೆ. ಅವನು ಬಿದ್ದ ಜಾಗದಿಂದ ಸಾವಿನ ದೇವರು ಮಿರ್ಕುಲ್ ಎಲುಬಿನ ರೂಪದಲ್ಲಿ ಎದ್ದ. ಅವನ ಹತ್ತಿರ ರಾಜಿಯ ಮಾತು ನಡೆಯುವುದಿಲ್ಲ. ಗೇಮಿನ ಕಷ್ಟವನ್ನು ಎಕ್ಸ್‌ಪ್ಲೋರರ್ ಅನ್ನುವ ಸುಲಭದ ಮಟ್ಟಕ್ಕೆ ಇಳಿಸಿ, ಲೇಜೆಲ್‌ಳನ್ನು ಮುಂದೆ ಕಳಿಸಿದೆ. ಆ ಒಂದು ರಾತ್ರಿ ಅವಳು ಮುಂದೆ ಓಡಿದ್ದಕ್ಕೆ ನನಗೆ ಬೇಜಾರಾಗಲಿಲ್ಲ.