ಫುಲ್‌ಫ್ಯಾಟ್ ಸೋಯಾ: ಎರಡು ವರ್ಷ ಬಳಸಿದ ಮೇಲೆ

ಕಾರ್ಕಳದ ಹತ್ತಿರ ಎರಡು ಸಾವಿರ ಬ್ರಾಯ್ಲರ್ ಕೋಳಿಗಳನ್ನು ಸಾಕುವ ನಾನು ಆಹಾರವನ್ನು ಶೆಡ್ಡಿನಲ್ಲಿಯೇ ಮಿಶ್ರಣ ಮಾಡಿಕೊಳ್ಳುತ್ತೇನೆ. ಹಬೆಯಲ್ಲಿ ಬೇಯಿಸಿ ಎಕ್ಸ್‌ಟ್ರೂಡರ್ ಎಂಬ, ಒತ್ತಡದಲ್ಲಿ ತಳ್ಳಿ ಹೊರಹಾಕುವ ಯಂತ್ರದಲ್ಲಿ ಹಾಯಿಸಿದ ಈ ಫುಲ್‌ಫ್ಯಾಟ್ ಸೋಯಾವನ್ನು ಸೋಯಾ ಹಿಂಡಿಯ ಒಂದು ಪಾಲಿನ ಬದಲಿಗೆ ಎರಡು ವರ್ಷಗಳಿಂದ ಹಾಕುತ್ತಿದ್ದು, ಮುಂದೆಯೂ ಹಾಕುವವನಿದ್ದೇನೆ. ಕಾಳಿನ ಎಣ್ಣೆ ಶೇ. 18ರಿಂದ 20ರಷ್ಟು ಹಾಗೆಯೇ ಉಳಿದಿರುವುದರಿಂದ ಬೇರೆ ಎಣ್ಣೆ ಬೆರೆಸುವ ಖರ್ಚು ಬಹುಪಾಲು ತಪ್ಪಿದೆ.

ಚೀಲದ ಮೇಲಿನ ಪ್ರೋಟೀನ್ ಪ್ರಮಾಣವನ್ನಷ್ಟೇ ನೋಡಿ ಸೋಯಾ ಕೊಳ್ಳಬಾರದೆಂಬುದನ್ನು ನಾನು ನಷ್ಟ ಅನುಭವಿಸಿ ಕಲಿತೆ. ಮೊದಲ ವರ್ಷದ ಮಳೆಗಾಲದ ಆಟಿ ತಿಂಗಳಲ್ಲಿ ಲೋಡು ತಡವಾದಾಗ ಬೇರೊಂದು ಗಿರಣಿಯ ಮಾಲು ತಂದೆ. ಪ್ರೋಟೀನ್ ಅಷ್ಟೇ ಇತ್ತು. ಬಣ್ಣ ಮಾತ್ರ ಬಿಳಿಚಿಕೊಂಡಿತ್ತು, ಮೂಸಿದರೆ ಹಸಿ ಕಾಳಿನ ವಾಸನೆ. ಹತ್ತು ದಿನಗಳೊಳಗೆ ಹಿಕ್ಕೆ ನೀರಾಗಿ ಅದರಲ್ಲಿ ಜೀರ್ಣವಾಗದ ಆಹಾರ ಕಾಣಿಸಿತು. ನೆಲಕ್ಕೆ ಹಾಸಿದ ಉಮಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ ನಿಲ್ಲುತ್ತಿತ್ತು. ಕೋಳಿಗಳ ಪಾದದಲ್ಲಿ ಹುಣ್ಣಾಯಿತು. ಸತ್ತ ಕೋಳಿಯೊಂದನ್ನು ಕೊಯ್ದ ಪಶುವೈದ್ಯರು ಕರುಳಿನ ಮಡಿಕೆಯ ನಡುವೆ ದೊಡ್ಡದಾಗಿದ್ದ ಮೇದೋಜೀರಕ ಗ್ರಂಥಿಯನ್ನು ತೋರಿಸಿದರು. ಹಸಿ ಸೋಯಾದ ಟ್ರಿಪ್ಸಿನ್ ಪ್ರತಿಬಂಧಕಗಳು ಪ್ರೋಟೀನನ್ನು ಒಡೆಯುವ ಕಿಣ್ವವನ್ನು ಹಿಡಿದು ನಿಲ್ಲಿಸುವುದರಿಂದ, ಕೊರತೆ ತುಂಬಲು ಗ್ರಂಥಿ ಮತ್ತೆ ಮತ್ತೆ ಕಿಣ್ವ ಸುರಿಸಿ ಬೆಳೆಯುತ್ತದೆ; ತಿಂದ ಪ್ರೋಟೀನಿನ ಜೊತೆಗೆ ಕಿಣ್ವಕ್ಕೆ ವ್ಯಯವಾದ ಪ್ರೋಟೀನೂ ಹಿಕ್ಕೆಯ ಪಾಲಾಗುತ್ತದೆ. ಆ ಬ್ಯಾಚಿನ ತೂಕ ಕೊನೆಯವರೆಗೂ ಸರಿಹೋಗಲಿಲ್ಲ.

ಹಾಗೆಂದು ಅತಿಯಾಗಿ ಬೇಯಿಸಿದರೂ ಕೇಡೇ: ಕಾಳು ಕಂದಿದಾಗ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲ ಸಕ್ಕರೆಯೊಡನೆ ಬೆಸೆದುಕೊಂಡು ಕೋಳಿಗೆ ದಕ್ಕದು. ನನ್ನ ಈಗಿನ ಗಿರಣಿಯವರು ಪ್ರತಿ ಲೋಡಿಗೂ ಯೂರಿಯೇಸ್ ವರದಿ ಕೊಡುತ್ತಾರೆ. ಯೂರಿಯೇಸ್ ಹಸಿ ಸೋಯಾದ ಕಿಣ್ವ; ಟ್ರಿಪ್ಸಿನ್ ಪ್ರತಿಬಂಧಕಗಳಂತೆ ಬೇಯಿಸಿದಾಗ ಇದೂ ನಾಶವಾಗುತ್ತದೆ, ಉಳಿದಿದ್ದರೆ ಯೂರಿಯಾವನ್ನು ಒಡೆದು ದ್ರಾವಣದ ಪಿಎಚ್ ಏರಿಸುತ್ತದೆ. ಪಿಎಚ್ ಏರಿಕೆ 0.05ರಿಂದ 0.20ರ ನಡುವೆ ಇರುವುದನ್ನು ನೋಡಿಕೊಳ್ಳುತ್ತೇನೆ. ಹೆಚ್ಚು ಬೆಂದದ್ದನ್ನು ಈ ಪರೀಕ್ಷೆ ಹಿಡಿಯುವುದಿಲ್ಲವಾದ್ದರಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಪ್ರೋಟೀನ್ ಎಷ್ಟು ಕರಗುತ್ತದೆ (ಹೆಚ್ಚು ಬೆಂದಷ್ಟೂ ಕಡಿಮೆ ಕರಗುತ್ತದೆ) ಎಂಬ ವರದಿಯನ್ನೂ ಕೇಳಬೇಕು. ಮನೆಯಲ್ಲಿ ನಾನು ತಟ್ಟೆಯಲ್ಲಿ ಹರಡಿದ ಸೋಯಾ ಹುಡಿಯ ಮೇಲೆ ಯೂರಿಯಾ ಮತ್ತು ಫಿನಾಲ್ ರೆಡ್ (ಪಿಎಚ್ ಏರಿದರೆ ಕೆಂಪಾಗುವ ಬಣ್ಣ) ದ್ರಾವಣ ಸುರಿದು ಐದು ನಿಮಿಷ ಕಾಯುತ್ತೇನೆ. ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ ಮೂಡಿದರೆ ಚೀಲ ಇಳಿಸಿಕೊಳ್ಳುತ್ತೇನೆ, ತಟ್ಟೆಯೇ ಕೆಂಪಾದರೆ ಹಿಂದಿರುಗಿಸುತ್ತೇನೆ.

ಕೊರತೆಗಳೂ ಇವೆ. ಹಿಂಡಿಗಿಂತ ಬೆಲೆ ಹೆಚ್ಚು. ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ಬೇಯಿಸಿದರೂ ಹೋಗದೆ, ಕೋಳಿಗೆ ಜೀರ್ಣವಾಗದೆ ಹಿಕ್ಕೆಯನ್ನು ತೇವ ಮಾಡುವ ಕಾರಣ ಮಳೆಗಾಲದಲ್ಲಿ ಉಮಿಯನ್ನು ಆಗಾಗ ಕೆದಕಲೇಬೇಕು. ನಮ್ಮ ಕರಾವಳಿಯ ತೇವಕ್ಕೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ತರಿಸಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡುತ್ತೇನೆ.