ಹೇಗ್‌ನ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟ್: ಗ್ಯಾಲರಿಗೆ ನಾಲ್ಕೂವರೆ ಸ್ಟಾರ್, ಆದೇಶದ ಅಮಲ್ಜಾರಿಗೆ ಎರಡು

ನೆದರ್ಲೆಂಡ್ಸ್‌ನಲ್ಲಿರುವ ಮಕ್ಕಳ ಮನೆಗೆ ಬರುವ ನಮ್ಮ ಕಡೆಯವರು ಗಾಳಿಗಿರಣಿ ನೋಡ್ತಾರೆ, ಟುಲಿಪ್ ತೋಟ ನೋಡ್ತಾರೆ, ಕಾಲುವೆಯಲ್ಲಿ ದೋಣಿ ಹತ್ತುತ್ತಾರೆ. ಆ ಪಟ್ಟಿಗೆ ಒಂದು ಕೋರ್ಟನ್ನೂ ಸೇರಿಸಿಕೊಳ್ಳಿ. ಹೇಗ್ ಊರಿನ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನಲ್ಲಿ ಯಾರು ಬೇಕಾದರೂ ಗ್ಯಾಲರಿಯಲ್ಲಿ ಕೂತು ವಿಚಾರಣೆ ನೋಡಬಹುದು. ಟಿಕೆಟ್ ಇಲ್ಲ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಅದು ಅವರ ಜಾಗ ಅಲ್ಲ.

ನಾನು ಯಾಕೆ ಹೋದೆ ಅಂದರೆ, ನನ್ನ ಕೆಲಸವೇ ಅದಾಗಿತ್ತು. ತಾಲ್ಲೂಕು ಕೋರ್ಟಿನಲ್ಲಿ ಎಸ್‌ಡಿಎ ಆಗಿ ಸೇರಿ, ಬೆಂಚ್ ಕ್ಲರ್ಕ್ ಕೆಲಸ ಮಾಡಿ, ಶಿರಸ್ತೇದಾರ್ ಆಗಿ ನಿವೃತ್ತಿಯಾದವಳು ನಾನು. ಅಳಿಯ ನಕ್ಕು, "ಅತ್ತೆ, ರಿಟೈರ್ ಆದ್ಮೇಲೂ ಕೋರ್ಟಿಗೇ ಹೋಗ್ತೀರಾ?" ಅಂದ. ಹೋದೆ.

ಮೊದಲೇ ಒಂದು ಮಾತು. ಹೇಗ್ ಅಂದ ಕೂಡಲೇ ಎಲ್ಲರೂ ಗಡಿಯಾರದ ಗೋಪುರವಿರುವ ಪೀಸ್ ಪ್ಯಾಲೇಸ್ ಫೋಟೋ ತೋರಿಸ್ತಾರೆ. ಅದು ಬೇರೆ ಕೋರ್ಟು. ಅಲ್ಲಿ ದೇಶ ದೇಶಗಳ ನಡುವಿನ ವ್ಯಾಜ್ಯ ನಡೆಯುತ್ತದೆ. ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1952ರಲ್ಲಿ ನ್ಯಾಯಾಧೀಶರಾಗಿದ್ದದ್ದು ಅಲ್ಲೇ. ನಾನು ಹೇಳುತ್ತಿರುವ ಕೋರ್ಟಿನಲ್ಲಿ ದೇಶಗಳನ್ನಲ್ಲ, ಮನುಷ್ಯರನ್ನು ವಿಚಾರಣೆ ಮಾಡುತ್ತಾರೆ. ನರಮೇಧ, ಯುದ್ಧಾಪರಾಧ, ಮಾನವೀಯತೆಯ ವಿರುದ್ಧದ ಅಪರಾಧ, ಆಕ್ರಮಣ, ಈ ನಾಲ್ಕೇ ಬಾಬತ್ತು. 1998ರಲ್ಲಿ ರೋಮ್‌ನಲ್ಲಿ ಒಪ್ಪಂದ ಆಯಿತು, 2002ರ ಜುಲೈ 1ರಿಂದ ಜಾರಿಗೆ ಬಂತು. ಆ ತಾರೀಕಿಗಿಂತ ಹಿಂದೆ ನಡೆದದ್ದು ಇದರ ಕೈಗೆ ಬರುವುದಿಲ್ಲ.

ಸೆಂಟ್ರಲ್ ಸ್ಟೇಷನ್ನಿನಿಂದ ಸ್ಖೆವೆನಿಂಗನ್ ಕಡೆಯ 9ನೇ ನಂಬರಿನ ಟ್ರಾಮ್ ಹತ್ತಿ, ಮದುರೋಡಾಮ್ ಹತ್ತಿರ ಇಳಿದು ನಡೆದರೆ ಸಾಕು. ಸಮುದ್ರದ ಕಡೆಯ ಗಾಳಿ ಜೋರು, ಸೀರೆ ಉಡುವವರು ಮೇಲೆ ಕೋಟು ಹಾಕಿಕೊಳ್ಳಿ. ಮರಳ ದಿಬ್ಬಗಳ ಪಕ್ಕ ಆರು ಗೋಪುರಗಳ ಕಟ್ಟಡ. 2015ರ ಕೊನೆಯಲ್ಲಿ ಇಲ್ಲಿಗೆ ಬಂದರಂತೆ, ಅದಕ್ಕೆ ಮೊದಲು ಒಂದು ಹಳೆ ಟೆಲಿಫೋನ್ ಕಂಪನಿಯ ಆಫೀಸಿನಲ್ಲಿ ಬಾಡಿಗೆಗೆ ಇದ್ದರು. ಬಾಗಿಲಲ್ಲಿ ವಿಮಾನ ನಿಲ್ದಾಣದ ಥರ ತಪಾಸಣೆ. ಫೋನನ್ನು ಲಾಕರ್‌ನಲ್ಲಿ ಬಿಡಬೇಕು, ಫೋಟೋ ಕನಸಿನಲ್ಲೂ ಇಲ್ಲ.

ಒಳಗೆ ಹೋಗಿ ಕೂತರೆ ಎದುರಿಗೆ ದೊಡ್ಡ ಗಾಜಿನ ಗೋಡೆ. ಆಚೆಗೆ ಕೋರ್ಟ್ ಹಾಲ್. ಕಿವಿಗೆ ಹೆಡ್‌ಫೋನ್, ಬೇಕಾದ ಭಾಷೆಗೆ ತಿರುಗಿಸಿಕೊಳ್ಳಬಹುದು. ದಲಾಯತ್ ಥರದ ಒಬ್ಬರು ಎದ್ದು ನಿಲ್ಲಿ ಅಂತ ಕೂಗಿದರು, ನಮ್ಮ ಗ್ಯಾಲರಿಯವರೂ ಎದ್ದರು, ಗೌನು ತೊಟ್ಟ ಮೂವರು ನ್ಯಾಯಾಧೀಶರು ಬಂದು ಕೂತರು. ಇಷ್ಟು ಮಾತ್ರ ನಮ್ಮೂರಿನ ಹಾಗೇ. ಉಳಿದದ್ದೆಲ್ಲ ಬೇರೆ. ಆರೋಪಿಗೆ ಕಟಕಟೆ ಇಲ್ಲ, ಕೋಟು ಹಾಕಿಕೊಂಡು ತನ್ನ ವಕೀಲರ ಹಿಂದೆ ಕುರ್ಚಿಯಲ್ಲಿ ಕೂತಿರುತ್ತಾನೆ. ನೊಂದವರ ಪರವಾಗಿ ಬೇರೆಯೇ ಮೇಜು, ಬೇರೆಯೇ ವಕೀಲರು. ನಮ್ಮಲ್ಲಿ ದೂರುದಾರನೆಂದರೆ ಸಾಕ್ಷಿ ನಂಬರ್ ಒಂದು, ಹೇಳಿಕೆ ಕೊಟ್ಟು ಕ್ಯಾಂಟೀನಿಗೆ ಹೋಗಬೇಕು, ಅಷ್ಟೇ. ಆ ಮೇಜು ನೋಡಿ ನಿಜಕ್ಕೂ ಖುಷಿಯಾಯಿತು.

ನಾನು ನೋಡಿದ್ದು ಮಧ್ಯ ಆಫ್ರಿಕಾ ಗಣರಾಜ್ಯದ ಒಂದು ಕೇಸು. ಸಾಕ್ಷಿ ಬರುವ ಮುಂಚೆ ಗಾಜಿಗೆ ಪರದೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮೇಲೆದ್ದಾಗ ಸಾಕ್ಷಿಯ ಜಾಗಕ್ಕೆ ಮರೆ ಕಟ್ಟಿತ್ತು. ಟಿವಿಯಲ್ಲಿ ಮುಖ ಚೌಕ ಚೌಕವಾಗಿ ಕದಡಿತ್ತು, ದನಿಯನ್ನೂ ಬದಲಾಯಿಸಿದ್ದರು. ವಕೀಲರು ಪಾಟಿ ಸವಾಲಿನಲ್ಲಿ ಕೇಳಿದ್ದು ಸಣ್ಣ ಪ್ರಶ್ನೆ: ಆ ಜಾಗ ರಸ್ತೆಯಿಂದ ಎಷ್ಟು ದೂರ? ಇಂಗ್ಲಿಷಿನ ಪ್ರಶ್ನೆ ಫ್ರೆಂಚಿಗೆ ಹೋಗಿ, ಅಲ್ಲಿಂದ ಸಾಂಗೋ ಭಾಷೆಗೆ ಹೋಗಿ, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಐದು ಸೆಕೆಂಡ್ ಕಾಯಬೇಕು ಅಂತ ನಿಯಮವಿದೆ, ಇಲ್ಲದಿದ್ದರೆ ಅನುವಾದಕರಿಗೆ ಉಸಿರಾಡಲೂ ಆಗುವುದಿಲ್ಲ. ವಕೀಲರು ಎಲ್ಲಿದ್ದರೂ ವಕೀಲರೇ, ನಿಯಮ ಮರೆತು ಮುನ್ನುಗ್ಗುತ್ತಾರೆ. ನ್ಯಾಯಾಧೀಶರು ಮತ್ತೆ ಮತ್ತೆ ತಡೆಯುತ್ತಾರೆ. ಹೇಳಿದ್ದೆಲ್ಲ ಆಗಿಂದಾಗ್ಗೆ ಟೈಪ್ ಆಗಿ ಅವರ ಪರದೆಯ ಮೇಲೆ ಬರುತ್ತದೆ. ಅದನ್ನು ನೋಡಿ ನಮ್ಮ ಸ್ಟೆನೊಗಳ ನೆನಪಾಗಿ ಹೊಟ್ಟೆ ಚುರುಕ್ ಅಂತು.

ನಡುನಡುವೆ ಹೆಡ್‌ಫೋನ್ ಮೌನವಾಗುತ್ತದೆ. ಕೆಟ್ಟಿಲ್ಲ, ಗಾಬರಿ ಬೇಡ. ಸಾಕ್ಷಿ ಯಾರೆಂದು ಗೊತ್ತಾಗುವ ವಿಷಯ ಬಂದರೆ ಹೊರಗಿನವರಿಗೆ ದನಿ ಕಟ್ ಮಾಡ್ತಾರೆ. ಇದು ಸುಮ್ನೆ ಆಡಂಬರ ಅಲ್ಲ. ಕೀನ್ಯಾದ ಆಗಿನ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಮೇಲಿನ ಕೇಸು 2014ರ ಡಿಸೆಂಬರ್‌ನಲ್ಲಿ ವಾಪಸ್ ಹೋದದ್ದು ಹೇಗೆ? ಸಾಕ್ಷಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು, ಬೆದರಿಕೆ, ಲಂಚದ ದೂರು ಬಂತು, ಸರ್ಕಾರ ಕಾಗದಪತ್ರ ಕೊಡಲಿಲ್ಲ ಅಂತ ಪ್ರಾಸಿಕ್ಯೂಟರ್ ಹೇಳಿದರು. ಪ್ರತಿಕೂಲ ಸಾಕ್ಷಿ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಂಚನಾಮೆಗೆ ಸಹಿ ಹಾಕಿದವನೇ ಕಟಕಟೆಯಲ್ಲಿ "ನಂಗೇನೂ ಗೊತ್ತಿಲ್ಲ ಸ್ವಾಮಿ" ಅನ್ನುವುದನ್ನು ನೋಡಿ ನೋಡಿ ಸಾಕಾಗಿದೆ.

ಇನ್ನು ದೂರು. ಗ್ಯಾಲರಿಯ ಬಗ್ಗೆ ಅಲ್ಲ, ಕೋರ್ಟಿನ ಬಗ್ಗೆ. ಕಟ್ಟಡ ಇದೆ, ಹದಿನೆಂಟು ನ್ಯಾಯಾಧೀಶರಿದ್ದಾರೆ, ಅನುವಾದಕರಿದ್ದಾರೆ. ಇಲ್ಲದಿರುವುದು ಒಬ್ಬ ಪೊಲೀಸ್ ಪೇದೆ. ಸಮನ್ಸ್ ಜಾರಿಗೆ ಅಮೀನ, ವಾರಂಟ್ ಹಿಡಿದು ಹೋಗಲು ಪೊಲೀಸು, ಇವರಿಲ್ಲದೆ ಕೋರ್ಟು ನಡೆಯುತ್ತಾ? ಇಲ್ಲಿ ಸದಸ್ಯ ದೇಶಗಳೇ ಹಿಡಿದುಕೊಡಬೇಕು. ಮನಸ್ಸಿದ್ದರೆ ಕೊಡುತ್ತವೆ. ರಷ್ಯಾದ ಪುಟಿನ್ ಮೇಲೆ 2023ರ ಮಾರ್ಚ್‌ನಲ್ಲಿ ವಾರಂಟ್ ಆಯಿತು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ಸದಸ್ಯ ದೇಶ ಮಂಗೋಲಿಯಾಕ್ಕೆ ಹೋದರು, ಗೌರವವಂದನೆ ತೆಗೆದುಕೊಂಡು ಬಂದರು. ಇಸ್ರೇಲಿನ ನೆತನ್ಯಾಹು ಮೇಲೆ 2024ರ ನವೆಂಬರ್‌ನಲ್ಲಿ ವಾರಂಟ್, 2025ರ ಏಪ್ರಿಲ್‌ನಲ್ಲಿ ಹಂಗೆರಿಯಲ್ಲಿ ಸ್ವಾಗತ. ಉಗಾಂಡಾದ ಬಂಡುಕೋರ ನಾಯಕ ಜೋಸೆಫ್ ಕೋನಿ ಮೇಲಿನ ವಾರಂಟ್ 2005ರದ್ದು. ಇಂಥ ಕೇಸನ್ನು ನಮ್ಮಲ್ಲಿ ಎಲ್‌ಪಿಸಿ, ಅಂದರೆ ಬಹುಕಾಲದಿಂದ ಬಾಕಿ ಇರುವ ಕೇಸು, ಅಂತ ಬರೆದು ಬೀರುವಿನಲ್ಲಿ ಇಡುತ್ತೇವೆ. ಇವರು ಕಾದು ಕಾದು, ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಅವನಿಲ್ಲದೆಯೇ ಆರೋಪಗಳ ಮೇಲೆ ವಾದ ಕೇಳಿದರು. ಆದರೆ ಪೂರ್ತಿ ವಿಚಾರಣೆಗೆ ಅವನೇ ಬರಬೇಕು.

ಸಿಕ್ಕಿದ್ದೂ ಉಂಟು. ಫಿಲಿಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆಯನ್ನು 2025ರ ಮಾರ್ಚ್ 11ರಂದು ಮನಿಲಾದಲ್ಲಿ ಹಿಡಿದು, ಮಾರನೇ ದಿನವೇ ಇಲ್ಲಿಗೆ ತಂದರು. ಆ ದೇಶ 2019ರಲ್ಲೇ ಸದಸ್ಯತ್ವ ಬಿಟ್ಟಿತ್ತು, ಬಿಡುವ ಮುಂಚಿನ ಕೃತ್ಯಕ್ಕೆ ಉತ್ತರ ಕೊಡಲೇಬೇಕು ಅನ್ನುವುದು ಕೋರ್ಟಿನ ನಿಲುವು. ಊರಿನ ರಾಜಕೀಯ ಬದಲಾದರೆ ಅಮೀನ ತಾನಾಗಿಯೇ ಹುಟ್ಟಿಕೊಳ್ಳುತ್ತಾನೆ ಅಂತ ಕಾಣುತ್ತೆ.

ತಡದ ಬಗ್ಗೆ ನಾನು ಬಾಯಿ ಬಿಡಬಾರದು, ನಮ್ಮ ವಾಯಿದೆಗಳ ಕಥೆ ಎಲ್ಲರಿಗೂ ಗೊತ್ತು. ಆದರೂ ಕೇಳಿ, ಈ ಕೋರ್ಟಿನ ಮೊದಲ ತೀರ್ಪು ಬಂದದ್ದು 2012ರಲ್ಲಿ. ಕಾಂಗೋದ ಬಂಡುಕೋರ ನಾಯಕ ಲುಬಾಂಗಾ ಮಕ್ಕಳ ಕೈಗೆ ಬಂದೂಕು ಕೊಟ್ಟ ಕೇಸು, 14 ವರ್ಷ ಜೈಲು. ಅದೇ ದೇಶದ ಮಾಜಿ ಉಪಾಧ್ಯಕ್ಷ ಬೆಂಬಾ 2008ರಲ್ಲಿ ಬಂಧನವಾಗಿ, 18 ವರ್ಷ ಶಿಕ್ಷೆಯಾಗಿ, 2018ರಲ್ಲಿ ಅಪೀಲಿನಲ್ಲಿ ಬಿಡುಗಡೆಯಾದರು. ಹತ್ತು ವರ್ಷ ಹೋದವು. ಯಾರ ಲೆಕ್ಕಕ್ಕೆ ಜಮಾ ಮಾಡೋಣ?

ಪರಿಹಾರದ ಕಥೆ ಇನ್ನೂ ಬೇಸರ. ಕೋನಿಯ ಪಡೆಯ ಕಮಾಂಡರ್ ಆಗಿದ್ದ ಉಗಾಂಡಾದ ಡೊಮಿನಿಕ್ ಓಂಗ್ವೆನ್ ಕೇಸಿನಲ್ಲಿ 2024ರ ಫೆಬ್ರವರಿಯಲ್ಲಿ 5.2 ಕೋಟಿ ಯೂರೋಗೂ ಜಾಸ್ತಿ ಪರಿಹಾರಕ್ಕೆ ಆದೇಶವಾಯಿತು. ನೊಂದವರು ಸುಮಾರು 50,000 ಜನ, ತಲಾ 750 ಯೂರೋ, ಅದರ ಜೊತೆಗೆ ಎಲ್ಲರಿಗೂ ಸೇರಿ ಪುನರ್ವಸತಿ. ಅಪರಾಧಿಯ ಹತ್ತಿರ ದುಡ್ಡಿಲ್ಲ. ದಾನಿ ದೇಶಗಳು ಕೊಡುವ ನಿಧಿಯಿಂದ ಹೊಂದಿಸಬೇಕು. ಡಿಕ್ರಿ ಕೈಗೆ ಬಂತು, ಅಮಲ್ಜಾರಿ ಅರ್ಜಿ ಹಿಡಿದು ಎಲ್ಲಿಗೆ ಹೋಗಬೇಕು ಹೇಳಿ.

ಈಚೆಗೆ ಇನ್ನೊಂದು ಸೇರಿದೆ. 2025ರಿಂದ ಅಮೆರಿಕ ಈ ಕೋರ್ಟಿನ ಪ್ರಾಸಿಕ್ಯೂಟರ್, ನ್ಯಾಯಾಧೀಶರ ಮೇಲೇ ನಿರ್ಬಂಧ ಹಾಕುತ್ತಿದೆ. ಅಮೆರಿಕ ಸದಸ್ಯ ಅಲ್ಲ. ರಷ್ಯಾ, ಚೀನಾ ಅಲ್ಲ. ನಾವೂ ಅಲ್ಲ. ರೋಮ್‌ನಲ್ಲಿ ಭಾರತ ಮತ ಹಾಕದೆ ಕೂತಿತು. ಭದ್ರತಾ ಮಂಡಳಿಗೆ ಕೇಸು ಕಳಿಸುವ, ತಡೆಯುವ ಅಧಿಕಾರ ಯಾಕೆ, ಅಣ್ವಸ್ತ್ರ ಬಳಕೆಯನ್ನು ಅಪರಾಧದ ಪಟ್ಟಿಗೆ ಯಾಕೆ ಸೇರಿಸಿಲ್ಲ ಅನ್ನುವುದು ನಮ್ಮ ತಕರಾರಾಗಿತ್ತು. ಪ್ರಶ್ನೆ ಸರಿಯಾಗೇ ಇದೆ ಅಂತ ನನಗನ್ನಿಸುತ್ತೆ. ತಾನೇ ಸದಸ್ಯ ಅಲ್ಲದ ದೇಶ ಭದ್ರತಾ ಮಂಡಳಿಯಲ್ಲಿ ಕೂತು ಇನ್ನೊಬ್ಬರ ಕೇಸನ್ನು ಇಲ್ಲಿಗೆ ಕಳಿಸುವುದು ಯಾವ ನ್ಯಾಯ? ಆದರೆ ಹೊರಗೆ ನಿಂತು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ದರ್ದು ಯಾರಿಗಿದೆ.

ಹಾಗಾಗಿ ಸ್ಟಾರ್ ಹಂಚಿ ಕೊಟ್ಟಿದ್ದೇನೆ. ಸಾಕ್ಷಿಯನ್ನು ಕಾಪಾಡುವ ರೀತಿಗೆ, ನೊಂದವರಿಗೆ ಕೊಟ್ಟ ಮೇಜಿಗೆ, ಗ್ಯಾಲರಿಗೆ ನಾಲ್ಕೂವರೆ. ಅಮಲ್ಜಾರಿಗೆ ಎರಡು, ಅದರಲ್ಲಿ ಒಂದು ಡುಟೆರ್ಟೆ ಲೆಕ್ಕದ್ದು. ಕಾನೂನು ಓದುತ್ತಿರುವ ಮಕ್ಕಳಿದ್ದರೆ ತಪ್ಪದೆ ಕಳಿಸಿ. ಪೂರ್ತಿ ದಿನ ಬೇಡ, ಒಂದೂವರೆ ಗಂಟೆಯ ಒಂದು ಪಾಳಿ ಕೂತರೆ ಸಾಕು. ಹೋಗುವ ಹಿಂದಿನ ದಿನ ಕೋರ್ಟಿನ ವೆಬ್‌ಸೈಟಿನಲ್ಲಿ ಆ ವಾರದ ಪಟ್ಟಿ ನೋಡಿಕೊಳ್ಳಿ, ವಿಚಾರಣೆ ಇಲ್ಲದ ದಿನಗಳೂ ಬೇಕಾದಷ್ಟಿವೆ. ಬೇಸಿಗೆ ರಜೆ ನಮ್ಮ ಸಿವಿಲ್ ಕೋರ್ಟಿನ ಹಾಗೆ ಮೇ ತಿಂಗಳಲ್ಲಲ್ಲ, ಜುಲೈ, ಆಗಸ್ಟ್ ನಡುವೆ.