ಮಂಗೋಲಿಯಾಕ್ಕೆ ಟೈಮೆನ್ ಹಿಡಿಯಲು ಹೊರಟಿದ್ದೀರಾ? ಮೊದಲು ಪರ್ಮಿಟ್ ನೋಡಿ, ಆಮೇಲೆ ದುಡ್ಡು ಕೊಡಿ

ಮಂಗೋಲಿಯಾದ ಉತ್ತರ ತುದಿಯ ಶಿಶ್ಗೆದ್ ನದಿಗೆ ಟೈಮೆನ್ ಮೀನು ಹಿಡಿಯಲು ಹೋಗುವ ಯೋಚನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆಗಲೇ ಅಡ್ವಾನ್ಸ್ ಕೊಟ್ಟವರಂತೂ ಓದಲೇಬೇಕು. ನಮ್ಮ ದುಡ್ಡು ಹೋಯಿತು, ಅದಿರಲಿ. ಆ ಮೀನುಗಳಿಗೆ ಆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸಾಲ್ಮನ್ ಕುಟುಂಬದಲ್ಲೇ ಅತಿ ದೊಡ್ಡ ಮೀನು ಟೈಮೆನ್. ಒಂದೂವರೆ ಮೀಟರ್ ದಾಟಿ ಬೆಳೆಯುತ್ತದೆ. ಆದರೆ ಬೆಳೆಯುವುದು ಬಹಳ ನಿಧಾನ. ಒಂದು ಮೀಟರ್ ಉದ್ದ ಆಗಲು 15 ವರ್ಷಕ್ಕೂ ಜಾಸ್ತಿ ಬೇಕು. ಹಾಗಾಗಿ ಒಂದು ದೊಡ್ಡ ಮೀನು ಸತ್ತರೆ ಅದರ ಜಾಗ ತುಂಬಲು ಇನ್ನೊಂದು ತಲೆಮಾರೇ ಬೇಕು. ಮಂಗೋಲಿಯಾದಲ್ಲಿ ಇದಕ್ಕೆ ಕಾನೂನು ಬಿಗಿಯಾಗಿದೆ. ಪರ್ಮಿಟ್ ಇಲ್ಲದೆ ಟೈಮೆನ್‌ಗೆ ಗಾಳ ಹಾಕುವಂತಿಲ್ಲ. ಹಿಡಿದದ್ದನ್ನು ವಾಪಸ್ ನೀರಿಗೆ ಬಿಡಲೇಬೇಕು. ಗಾಳಕ್ಕೆ ಒಂದೇ ಮುಳ್ಳು, ಅದಕ್ಕೆ ಹಿಮ್ಮುಳ್ಳು (ಚುಚ್ಚಿದ್ದು ಕಳಚದಂತೆ ಹಿಡಿಯುವ, ಹಿಂದಕ್ಕೆ ಚಾಚಿದ ಸಣ್ಣ ಮೊನೆ) ಇರಬಾರದು. ಮೊಟ್ಟೆ ಇಡುವ ಕಾಲ ಮುಗಿಯುವ ತನಕ, ಅಂದರೆ ಜೂನ್ ಮಧ್ಯದವರೆಗೆ, ಹಿಡಿಯುವುದೇ ನಿಷಿದ್ಧ. ಕಾವೇರಿಯಲ್ಲಿ ಭೀಮೇಶ್ವರಿ, ಗಾಳಿಬೋರೆ ಕಡೆ ಮಹಶೀರ್ ಹಿಡಿದು ತೂಕ ನೋಡಿ ಬಿಡುತ್ತಿದ್ದ ದಿನಗಳನ್ನು ಕಂಡವರಿಗೆ ಈ ಶಿಸ್ತು ಹೊಸದೇನಲ್ಲ.

ನಾವು ಗೆಳೆಯರು ಸೇರಿ ಸೆಪ್ಟೆಂಬರ್‌ಗೆ ಬುಕ್ ಮಾಡಿದ್ದೆವು. ಅಲ್ಲಿನ ಬೇಸಿಗೆಯ ಮಳೆಗೆ ನದಿ ಕೆಂಪಾಗಿ ಉಕ್ಕುತ್ತದೆ, ಸೆಪ್ಟೆಂಬರ್ ಹೊತ್ತಿಗೆ ನೀರು ತಿಳಿಯಾಗಿರುತ್ತದೆ, ಅದಕ್ಕೆ. ಉಲಾನ್‌ಬಾತರ್‌ನ ಏಜೆಂಟ್ ಒಬ್ಬ ಇನ್‌ಸ್ಟಾಗ್ರಾಂನಲ್ಲಿ ಸಿಕ್ಕಿದ್ದ. ಮಾತು ನಯ, ಫೋಟೋಗಳು ಚೆಂದ. ಟೈಮೆನ್ ಪರ್ಮಿಟ್ ಬಗ್ಗೆ ನಾವು ಮತ್ತೆ ಮತ್ತೆ ಕೇಳಿದ್ದೆವು. ಪ್ರತಿ ಸಲವೂ "ಎಲ್ಲಾ ಆಗಿದೆ, ಕ್ಯಾಂಪಿನಲ್ಲೇ ಇದೆ" ಅನ್ನುವ ಉತ್ತರ. ಹಣ ಕಳಿಸುವ ಹೊತ್ತಿಗೆ ಕಂಪನಿಯ ಖಾತೆ ಬದಲು ಒಬ್ಬ ವ್ಯಕ್ತಿಯ ಖಾತೆ ಕೊಟ್ಟ. ಕಂಪನಿ ಖಾತೆಯಲ್ಲಿ ಏನೋ ತಾಂತ್ರಿಕ ತೊಂದರೆ ಅಂದ. ಹೀಗೆ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿಬಿಡಿ. ವಿದೇಶಕ್ಕೆ ದುಡ್ಡು ಕಳಿಸುವಾಗ ನಮ್ಮ ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕಲ್ವಾ, ಅದರ ಜೊತೆಗಿಡಲು ಕಂಪನಿ ಹೆಸರಿನ ಇನ್ವಾಯ್ಸ್ ಕೇಳಿ. ನಿಜವಾದ ಕ್ಯಾಂಪಿನವರು ಅದನ್ನು ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಉಲಾನ್‌ಬಾತರ್‌ನಿಂದ ಮುರುನ್‌ಗೆ ವಿಮಾನ. ಅಲ್ಲಿಂದ ಮುಂದೆ ರಷ್ಯನ್ ವ್ಯಾನಿನಲ್ಲಿ ಇಡೀ ದಿನ ಕುಲುಕಾಟ. ಶಿಶ್ಗೆದ್ ಹರಿಯುವ ದಾರ್ಖದ್ ಕಣಿವೆ ರಷ್ಯಾ ಗಡಿಗೆ ಅಂಟಿಕೊಂಡಿದೆ. ಅಲ್ಲಿ ಓಡಾಡಲು ಟೈಮೆನ್ ಪರ್ಮಿಟ್ ಬಿಟ್ಟು ಗಡಿ ವಲಯದ ಅನುಮತಿ ಬೇರೆಯೇ ಬೇಕು. ಚೆಕ್‌ಪೋಸ್ಟ್‌ನಲ್ಲಿ ಸೈನಿಕ ನಮ್ಮ ಪಾಸ್‌ಪೋರ್ಟ್ ನೋಡಿ, ತನ್ನ ಪಟ್ಟಿ ನೋಡಿ, ತಲೆಯಾಡಿಸಿದ. ನಮ್ಮಲ್ಲಿ ಅರ್ಧ ಜನರ ಹೆಸರೇ ಅದರಲ್ಲಿ ಇರಲಿಲ್ಲ. ಗೈಡ್ ಅಲ್ಲಿ ಇಲ್ಲಿ ಫೋನ್ ಮಾಡಿ ಮುಗಿಸುವ ಹೊತ್ತಿಗೆ ರಾತ್ರಿಯಾಗಿತ್ತು. ವ್ಯಾನಿನಲ್ಲೇ ಮಲಗಿದೆವು. ಬೆಳಗ್ಗೆ ಗಾಜಿನ ಒಳಗಡೆ ಮಂಜು ಹೆಪ್ಪುಗಟ್ಟಿತ್ತು. ಗೈಡ್ ಅಂದೆನಲ್ಲ, ಅವನು ವ್ಯಾನಿನ ಡ್ರೈವರ್. ಬೇರೆ ಗೈಡ್ ಅಂತ ಯಾರೂ ಬರಲೇ ಇಲ್ಲ.

ನದಿಯ ಬಗ್ಗೆ ಒಂದು ಕೆಟ್ಟ ಮಾತು ಆಡಲಾರೆ. ತಳದ ಕಲ್ಲು ಎಣಿಸಬಹುದು, ಅಂಥ ನೀರು. ದಡದ ಲಾರ್ಚ್ ಮರಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಇಂಥ ಜಾಗದಲ್ಲಿ ಆ ಡ್ರೈವರ್ ತೆರೆದ ಡಬ್ಬಿಯಲ್ಲಿ ಇದ್ದದ್ದು ಪೂರ್ತಿ ಮೂರು ಮುಳ್ಳಿನ ಗಾಳಗಳು, ಒಂದೊಂದಕ್ಕೂ ಹಿಮ್ಮುಳ್ಳು. ಇದು ಸರಿಯಲ್ಲ ಅಂದೆವು. ನಮ್ಮ ಕಟಿಂಗ್ ಪ್ಲೇಯರ್‌ನಿಂದ ಹಿಮ್ಮುಳ್ಳು ಒತ್ತಿ ಹಾಕುತ್ತಾ ಕೂತೆವು. ಅಷ್ಟರಲ್ಲಿ ಅವನು ತನ್ನ ಗಾಳ ಎಸೆದು ಒಂದು ಟೈಮೆನ್ ಹಿಡಿದೇಬಿಟ್ಟ. ಕಿವಿರಿಗೆ ಬೆರಳು ತೂರಿಸಿ ಕಲ್ಲಿನ ಮೇಲೆ ದರದರ ಎಳೆದು ತಂದ. ಬಾಲದ ಕಡೆ ಕೆಂಪಗಿತ್ತು, ಮೈಮೇಲೆ ಸಣ್ಣ ಕಪ್ಪು ಚುಕ್ಕೆ. ಒಂದು ಮುಳ್ಳು ದವಡೆಯಲ್ಲಿ, ಇನ್ನೊಂದು ಕಣ್ಣಿನ ಪಕ್ಕದಲ್ಲಿ. ಒಣಗಿದ ಕೈಯಲ್ಲಿ ಹಿಡಿದಲ್ಲೆಲ್ಲಾ ಮೈಮೇಲಿನ ಲೋಳೆ ಕಿತ್ತು ಬರುತ್ತಿತ್ತು. ಆ ಲೋಳೆಯೇ ಮೀನಿಗೆ ರಕ್ಷಣೆ. ಅದು ಹೋದರೆ ಸೋಂಕು ತಗಲುತ್ತದೆ. ಫೋಟೋ ತೆಗೆಯಲು ಅವನೇ ಕರೆದ. ನಾವು ಯಾರೂ ಫೋನ್ ಎತ್ತಲಿಲ್ಲ.

ನನ್ನ ಗೆಳೆಯ ಆ ಗಾಳ ಬಿಡಿಸಲು ಕೂತ. ಮೀನು ಒಮ್ಮೆ ಜಾಡಿಸಿತು. ಮೂರನೇ ಮುಳ್ಳು ಅವನ ಅಂಗೈಗೆ, ಹಿಮ್ಮುಳ್ಳಿನ ಸಮೇತ, ಒಳಗೆ ಹೊಕ್ಕಿತು. ಒಂದು ಗಳಿಗೆ ಮೀನು ಮತ್ತು ಅವನ ಕೈ ಒಂದೇ ಗಾಳದಲ್ಲಿ ಸಿಕ್ಕಿಕೊಂಡಿದ್ದವು. ದಾರ ಕತ್ತರಿಸಿ, ಗಾಳದ ಬುಡ ಕತ್ತರಿಸಿ ಮೀನನ್ನು ನೀರಿಗೆ ಬಿಟ್ಟೆವು. ಮಗುಚಿಕೊಂಡೇ ಹೋಯಿತು. ಉಳಿದಿರಲಾರದು. ಹಿಮ್ಮುಳ್ಳಿಲ್ಲದ ಒಂದೇ ಮುಳ್ಳು ಅನ್ನುವ ನಿಯಮ ಮೀನಿಗಷ್ಟೇ ಅಲ್ಲ, ಹಿಡಿಯುವವರ ಕೈಗೂ ಬೇಕು ಅನ್ನುವುದನ್ನು ಅಲ್ಲಿ ಕಣ್ಣಾರೆ ಕಂಡೆ.

ಸ್ಯಾಟಲೈಟ್ ಫೋನ್ ಎಲ್ಲಿ ಅಂದರೆ ಇಲ್ಲ. ಫಸ್ಟ್ ಏಡ್ ಡಬ್ಬಿ ತೆರೆದರೆ ಬ್ಯಾಂಡೇಜ್ ಸುರುಳಿ, ತಲೆನೋವಿನ ಮಾತ್ರೆ, ಅಷ್ಟೇ. ಪಕ್ಕದ ದಿಬ್ಬದಲ್ಲಿ ಗೆರ್ (ಅಲ್ಲಿನವರ ದುಂಡನೆಯ ಡೇರೆ ಮನೆ) ಹಾಕಿಕೊಂಡಿದ್ದ ಕುರುಬರ ಮನೆಯವರು ಓಡಿ ಬಂದರು. ಆ ಅಮ್ಮ ಬಿಸಿನೀರು ಕಾಸಿ ಗಾಯ ತೊಳೆದರು, ಉಪ್ಪು ಹಾಕಿದ ಹಾಲಿನ ಚಹಾ ಕುಡಿಸಿದರು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಅವರಿಗೆ ನಾವು ಋಣಿ. ಅವರ ಮಗನೇ ದಾರಿ ತೋರಿಸಿ ಸೋಮ್ (ನಮ್ಮ ತಾಲ್ಲೂಕಿನಂಥದ್ದು) ಕೇಂದ್ರದ ಸಣ್ಣ ಆಸ್ಪತ್ರೆಗೆ ಮುಟ್ಟಿಸಿದ. ಗಾಳ ತೆಗೆದು, ಟೆಟನಸ್ ಇಂಜೆಕ್ಷನ್ ಕೊಟ್ಟರು.

ಮರುದಿನ ಪರಿಸರ ಇಲಾಖೆಯ ರೇಂಜರ್ ಬೈಕಿನಲ್ಲಿ ಬಂದರು. ಪರ್ಮಿಟ್ ಕೇಳಿದರು. ಡ್ರೈವರ್ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ರೇಂಜರ್ ಅದನ್ನು ದೊಡ್ಡದು ಮಾಡಿ ನೋಡಿ ನಮ್ಮ ಕಡೆ ಹಿಡಿದರು. ವರ್ಷ ಹಿಂದಿನದು, ಹೆಸರುಗಳು ಯಾರವೋ, ನದಿಯೂ ಬೇರೆ. ಅಲ್ಲಿಗೆ ಪ್ರವಾಸ ಮುಗಿಯಿತು. ರೇಂಜರ್ ನಮ್ಮ ಜೊತೆ ಒರಟಾಗಿ ನಡೆದುಕೊಳ್ಳಲಿಲ್ಲ. ಅವರು ಮಾಡಿದ್ದು ಸರಿ. ಇನ್ನೂ ಬೇಗ ಬಂದಿದ್ದರೆ ಆ ಮೀನಾದರೂ ಉಳಿಯುತ್ತಿತ್ತು.

ಏಜೆಂಟ್ ಒಂದು ಪೈಸೆ ವಾಪಸ್ ಕೊಡಲಿಲ್ಲ. ಈಗ ನಮ್ಮ ನಂಬರ್ ಬ್ಲಾಕ್ ಮಾಡಿದ್ದಾನೆ. ಅದೇ ಫೋಟೋಗಳನ್ನು ಹಾಕಿ ಮುಂದಿನ ಸೀಸನ್‌ಗೆ ಬುಕಿಂಗ್ ತೆಗೆದುಕೊಳ್ಳುತ್ತಿದ್ದಾನೆ. ಒಳ್ಳೆಯ ಕ್ಯಾಂಪ್‌ಗಳು ಇಲ್ಲ ಅಂತ ನಾನು ಹೇಳುತ್ತಿಲ್ಲ. ವಾರಕ್ಕೆ ಸಾವಿರಾರು ಡಾಲರ್ ತೆಗೆದುಕೊಂಡರೂ ನಿಯಮ ಪಾಲಿಸಿ, ಊರಿನವರಿಗೆ ಕೆಲಸ ಕೊಟ್ಟು, ನದಿ ಕಾಯುವವರು ಇದ್ದಾರೆ. ಅವರ ಹತ್ತಿರ ಹೋಗಿ.

ಅಡ್ವಾನ್ಸ್ ಕೊಟ್ಟಾಗಿದೆ ಅನ್ನುವವರು ಬಾಕಿ ಹಣ ಕಳಿಸುವ ಮೊದಲು ಈ ವರ್ಷದ ಟೈಮೆನ್ ಪರ್ಮಿಟ್ ಮತ್ತು ಗಡಿ ಅನುಮತಿಯ ಸ್ಕ್ಯಾನ್ ತರಿಸಿಕೊಳ್ಳಿ. ನಿಮ್ಮ ಹೆಸರು, ನದಿಯ ಹೆಸರು, ತಾರೀಖು ಮೂರೂ ಹೊಂದಬೇಕು. ಮಂಗೋಲಿಯನ್ ಓದಲು ಬರದಿದ್ದರೆ ಫೋನಿನ ಕ್ಯಾಮೆರಾ ಹಿಡಿದು ಅನುವಾದ ನೋಡಿ. ಸ್ಯಾಟಲೈಟ್ ಫೋನ್ ನಂಬರ್ ಕೇಳಿ, ಮನೆಯವರಿಗೂ ಕೊಡಿ. ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚು ಸೇರಿರುವ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. "ಕ್ಯಾಂಪಿನಲ್ಲೇ ಇದೆ" ಅನ್ನುವ ಉತ್ತರ ಬಂದರೆ ಬಾಕಿ ಹಣ ಕಳಿಸಬೇಡಿ. ನನಗೆ ಮೆಸೇಜ್ ಮಾಡಿ, ಅದೇ ಏಜೆಂಟ್ ಹೌದೋ ಅಲ್ಲವೋ ನೋಡಿ ಹೇಳುತ್ತೇನೆ.